ವರ್ಚುವಲ್ ಲೋಕದಲ್ಲಿ ಕಟ್ಟುವವರಿಗೆ: ಮೊದಲು ಕ್ಯಾಮೆರಾ, ಆಮೇಲೆ ಅಳತೆ

ವಿನ್ಯಾಸಕ್ಕೆ ಕೂರುವ ಮುಂಚೆ, ನೋಡುವ ಕಣ್ಣು ಎಲ್ಲಿರುತ್ತದೆ ಅಂತ ಖಚಿತ ಮಾಡಿಕೊಳ್ಳಿ. 2003ರಲ್ಲಿ ಶುರುವಾದ ಸೆಕೆಂಡ್ ಲೈಫ್‌ನಂಥ ಆನ್‌ಲೈನ್ ಲೋಕಗಳಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಅವತಾರದ (ಅಲ್ಲಿ ನಮ್ಮ ಪರವಾಗಿ ಓಡಾಡುವ ಬೊಂಬೆಯ) ಬೆನ್ನ ಹಿಂದೆ, ತಲೆಗಿಂತ ಮೇಲಿರುತ್ತದೆ. ನಿಜವಾದ ಮನೆಯ ಹಾಗೆ 10 ಅಡಿಗೆ ಚಾವಣಿ, 3 ಅಡಿ ಅಗಲದ ಬಾಗಿಲು ಇಟ್ಟರೆ ಕ್ಯಾಮೆರಾ ಗೋಡೆಗೆ ತಾಗುತ್ತಲೇ ಇರುತ್ತದೆ, ಒಳಗೆ ಬಂದವರಿಗೆ ಉಸಿರುಗಟ್ಟಿದ ಹಾಗಾಗುತ್ತದೆ. ಅಲ್ಲಿ ಧೈರ್ಯವಾಗಿ ಒಂದೂವರೆ ಪಟ್ಟು ದೊಡ್ಡದಾಗಿಯೇ ಕಟ್ಟಿ. ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ ಹಾಕಿಕೊಂಡು ಓಡಾಡುವ ಜಾಗಕ್ಕೆ ಮಾತ್ರ ಅಸಲಿ ಅಳತೆಯೇ ಸರಿ, ಕಣ್ಣು ನಮ್ಮ ಎತ್ತರದಲ್ಲೇ ಇರುತ್ತದಲ್ಲ.

ಇನ್ನು ಮೆಟ್ಟಿಲು. ಕಣ್ಣಿಗೆ ಮೆಟ್ಟಿಲೇ ಕಾಣಲಿ, ಆದರೆ ಅದರ ಕೊಲಿಷನ್ (ತಾಗಿದಾಗ ತಡೆಯುವ ಗುಣ) ತೆಗೆದು ಮೇಲೊಂದು ಕಾಣದ ಇಳಿಜಾರು ಕೂರಿಸಿ. ಹತ್ತುವಾಗ ನೋಟ ಕುಲುಕುವುದಿಲ್ಲ, ಹೆಡ್‌ಸೆಟ್‌ನಲ್ಲಿ ತಲೆಸುತ್ತೂ ಕಡಿಮೆ. ದಯವಿಟ್ಟು ಇದನ್ನು ಬಿಡಬೇಡಿ.