ಸಂಶೋಧನಾ ಅನುದಾನ: ಅರ್ಜಿಯಿಂದ ತರಗತಿಯವರೆಗೆ

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಗೆ ಸೇರಿ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಶುರುವಾಯಿತು. ಇಲ್ಲಿ ಪಾಠ ಮಾಡುವವರಿಗೆ ಸಂಬಳ ಬರುತ್ತದೆ. ಆದರೆ ಹೊಸ ಉಪಕರಣ, ಹಳ್ಳಿ ಸುತ್ತುವ ಖರ್ಚು, ಸಂಶೋಧನಾ ಸಹಾಯಕರು ಬೇಕೆಂದರೆ ಹೊರಗಿನ ಅನುದಾನವೇ ದಾರಿ.

ಮೊದಲ ಕೆಲಸ, ಪ್ರಶ್ನೆ ಹುಡುಕುವುದು. ನಮ್ಮ ಕಾಲ ಕೆಳಗೇ ಇದೆ, ಅಲ್ವಾ? ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು, ಬೇರೆ ನೀರು ಸಿಗದ ಕಡೆಯೂ, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಸುಮ್ನೆ ‘ಫ್ಲೋರೈಡ್ ಅಧ್ಯಯನ’ ಎಂದು ಬರೆದರೆ ಯಾರೂ ಹಣ ಕೊಡುವುದಿಲ್ಲ. ಮಳೆಗೆ ಮುಂಚೆ ಎಷ್ಟಿತ್ತು, ಮಳೆಯಾದ ಮೇಲೆ ಎಷ್ಟಾಯಿತು, ಯಾವ ಆಳದಲ್ಲಿ? ಹೀಗೆ ಕೇಳಿ.

ಆಮೇಲೆ ಹಣ ಕೊಡುವವರು. ವಿಜ್ಞಾನಕ್ಕೆ 2023ರ ಕಾಯ್ದೆಯಿಂದ ಬಂದ, ಕೇಂದ್ರದ ಎಎನ್‌ಆರ್‌ಎಫ್ (ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್) ಇದೆ. ಹಳೆಯ ಎಸ್‌ಇಆರ್‌ಬಿ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಇದರಲ್ಲೇ ಸೇರಿತು. ಸಮಾಜ ವಿಜ್ಞಾನಕ್ಕೆ ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ). ವಿದ್ಯಾರ್ಥಿಗಳ ಸಣ್ಣ ಪ್ರಾಜೆಕ್ಟ್‌ಗೆ ರಾಜ್ಯದ ಕೆಎಸ್‌ಸಿಎಸ್‌ಟಿ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ).

ಬಜೆಟ್ ಬರೆಯುವಾಗ ಅವಸರ ಬೇಡ. ಉಪಕರಣಕ್ಕೆ ಕೊಟೇಶನ್ ತರಿಸಿಯೇ ಮೊತ್ತ ಹಾಕಿ. ರಾಸಾಯನಿಕ, ಪ್ರಯಾಣ, ಸಹಾಯಕರ ವೇತನ, ಕಂಟಿಂಜೆನ್ಸಿ (ಸಣ್ಣಪುಟ್ಟ ಇತರ ಖರ್ಚು) ಎಲ್ಲಕ್ಕೂ ಬೇರೆ ಬೇರೆ ಬಾಬ್ತು. ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ಮನಸ್ಸು ಬಂದಂತೆ ತಿರುಗಿಸಲಾಗದು. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೊ) ಆಗಿ ಸೇರುವವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಈ ಸಾಲನ್ನು ದಯವಿಟ್ಟು ಬಿಡಬೇಡಿ. ನಮ್ಮ ಕಡೆಯ ಒಬ್ಬ ಹುಡುಗಿ ಬೆಂಗಳೂರಿಗೆ ಹೋಗದೆ ಇಲ್ಲೇ ಪಿಎಚ್‌.ಡಿ. ಮಾಡಲು ಆಗುವುದು ಅದರಿಂದಲೇ.

ಹಣ ಬರುವುದು ನಿಮ್ಮ ಸ್ವಂತ ಖಾತೆಗಲ್ಲ, ಸಂಸ್ಥೆಯ ಖಾತೆಗೆ. ಖರೀದಿಗೆ ಅದರದ್ದೇ ನಿಯಮಗಳಿವೆ. ಬಿಲ್, ಸ್ಟಾಕ್ ರಿಜಿಸ್ಟರ್ ಅಂದಂದೇ ಸರಿಮಾಡಿಕೊಳ್ಳಿ. ಮಾರ್ಚ್ 31 ಕಳೆದ ಮೇಲೆ, ಹಣ ಯಾವುದಕ್ಕೆ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರ ಕಳಿಸಬೇಕು. ಅದು ತಡವಾದರೆ ಮುಂದಿನ ಕಂತೂ ನಿಲ್ಲುತ್ತದೆ.

ಇನ್ನು ಪಾಠ. ನನಗೆ ಇದೇ ಮುಖ್ಯ. ಪ್ರಾಜೆಕ್ಟ್ ಮುಗಿದರೂ ಫ್ಲೋರೈಡ್ ಅಳೆಯುವ ಮೀಟರ್ ಸಾಮಾನ್ಯವಾಗಿ ವಿಭಾಗದಲ್ಲೇ ಉಳಿಯುತ್ತದೆ. ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಎಂ.ಎಸ್‌ಸಿ. ಪ್ರಾಯೋಗಿಕ ತರಗತಿಗೆ ತನ್ನಿ. ರಜೆಗೆ ಊರಿಗೆ ಹೊರಟ ವಿದ್ಯಾರ್ಥಿಗಳ ಕೈಗೆ ಒಂದೊಂದು ಪ್ಲಾಸ್ಟಿಕ್ ಬಾಟಲಿ ಕೊಡಿ. ಗಾಜಿನದು ಬೇಡ, ಫ್ಲೋರೈಡ್ ಗಾಜಿನ ಜೊತೆ ವರ್ತಿಸಬಹುದು. ಚಳ್ಳಕೆರೆ, ಹಿರಿಯೂರು, ಜಗಳೂರಿನ ತಮ್ಮ ಮನೆಯ ನೀರನ್ನೇ ಅವರು ತಂದು ಅಳೆಯಲಿ.