ಬ್ಯಾರೆ ದೇಶದ ಗೇಮ್ ಅದ, ಭಾಷಾ ತಿಳಿವಲ್ದು ಅನ್ನೋರಿಗಿ

ನಮ್ಮ ಕಲಬುರಗಿ ಕಡಿ ಹುಡುಗ್ರ ಬಲ್ಲಿ ಹೊರದೇಶದ ಗೇಮ್ ಬರೋದು ಎರಡು ದಾರೀಲಿ, ಒಂದು ಆನ್‌ಲೈನ್‌ದಾಗ ಕಡಿಮಿ ರೇಟಿಗಿ ಸಿಗೋ ಕೀ (ಗೇಮ್ ಚಾಲೂ ಮಾಡ್ಲಾಕ ಹಾಕೋ ಕೋಡ್), ಇನ್ನೊಂದು ದುಬೈ, ಸೌದಿಗಿ ದುಡಿಲಾಕ ಹೋದ ಮಾಮಾನೋ ಕಾಕಾನೋ ತಗೊಂಡ್ ಬರೋ ಡಿಸ್ಕ್. ಆದ್ರ ಚಾಲೂ ಮಾಡಿದ್ರ ಮೆನು ಪೂರಾ ರಷ್ಯನ್‌ದಾಗೋ ಅರಬ್ಬಿದಾಗೋ ಇತ್ತಂದ್ರ ಆಡೋ ಹುರುಪೇ ಇಳೀತದ.

ಮೊದ್ಲು ಇದು ತಿಳ್ಕೋರಿ, ರೀಜನ್ ಲಾಕ್ ಬ್ಯಾರೆ, ಭಾಷಾ ಲಾಕ್ ಬ್ಯಾರೆ. ರೀಜನ್ ಲಾಕ್ ಇದ್ರ ನಮ್ಮ ದೇಶದಾಗ ಕೀ ಹತ್ತಂಗಿಲ್ಲ, ಇಲ್ಲಾಂದ್ರ ಗೇಮೇ ಚಾಲೂ ಆಗಂಗಿಲ್ಲ. ಭಾಷಾ ಲಾಕ್ ಇದ್ರ ಗೇಮ್ ನಡೀತದ, ಆದ್ರ ಕಂಪನಿಯವ್ರು ಆ ಕೀಗಿ ಒಂದೇ ಭಾಷಾದ ಫೈಲ್ ಕೊಟ್ಟಿರ್ತಾರ, ಒಂದು ದೇಶದಾಗ ಅಗ್ಗಕ್ಕ ಮಾರಿದ್ದು ಬ್ಯಾರೆ ದೇಶದವ್ರು ಕೊಂಡು ಆಡಬಾರ್ದು ಅಂತ. ಅಂದ್ರ ಇಂಗ್ಲಿಷ್ ಫೈಲ್ ನಿಮ್ಮ ಕೀಗಿ ಕೊಟ್ಟಾರೋ ಇಲ್ಲೋ ಅನ್ನೋದರ ಮ್ಯಾಲೇ ಎಲ್ಲಾ ನಿಂತದ. ಇದ್ರ ಬದಲಿ ಆಗ್ತದ, ಇಲ್ಲಾಂದ್ರ ಯಾವ ಸೆಟ್ಟಿಂಗೂ ಅದನ್ನ ಹುಟ್ಸಂಗಿಲ್ಲ.

ಸ್ಟೀಮ್ (ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ) ಆದ್ರ ಲೈಬ್ರರಿದಾಗ ಗೇಮಿನ ಮ್ಯಾಲ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಲಾಂಗ್ವೇಜ್. ಇಂಗ್ಲಿಷ್ ಕಂಡ್ರ ಆರಿಸ್ರಿ, ಬೇಕಾದ ಫೈಲ್ ತಾನೇ ಇಳಿಸ್ಕೊಂತದ, ಕೆಲಸ ಮುಗೀತು.

ಅಲ್ಲಿ ಒಂದೇ ಭಾಷಾ ತೋರಿಸ್ಲಾಕತ್ತಿದ್ರ ಮುಂದಿನ ದಾರಿ ಹಿಡೀರಿ. ಸ್ಟೀಮ್ ಪೂರಾ ಬಂದ್ ಮಾಡ್ರಿ, ಖಾಲಿ ವಿಂಡೋ ಕ್ಲೋಸ್ ಮಾಡೋದಲ್ಲ, ಕೆಳಗ ಗಡಿಯಾರದ ಬಾಜೂಕ ಇರೋ ಐಕಾನ್ ಒತ್ತಿ ಎಕ್ಸಿಟ್ ಕೊಡ್ಬೇಕು, ಯಾಕಂದ್ರ ಅದು ಚಾಲೂ ಇದ್ರ ನೀವು ಬದಲಿ ಮಾಡಿದ್ದು ಅಳಿಸಿ ಮತ್ತ ತಂದೇ ಬರಕೊಂತದ. ಆಮ್ಯಾಲ ಸ್ಟೀಮ್ ಇನ್‌ಸ್ಟಾಲ್ ಆದ ಜಾಗಾದಾಗ ಇರೋ ಸ್ಟೀಮ್‌ಆಪ್ಸ್ ಫೋಲ್ಡರ್ ತೆಗೀರಿ, ಆಪ್‌ಮ್ಯಾನಿಫೆಸ್ಟ್ ಅಂತ ಶುರು ಆಗೋ ಫೈಲುಗಳು ಇರ್ತಾವ, ಒಂದೊಂದು ಗೇಮಿಗಿ ಒಂದೊಂದು ನಂಬರ್. ದಿ ವಿಚರ್ 3 ದು 292030. ನಿಮ್ಮ ಗೇಮಿನ ನಂಬರ್ ಅದರ ಸ್ಟೋರ್ ಪೇಜಿನ ಅಡ್ರೆಸ್‌ದಾಗೇ ಇರ್ತದ. ಮೊದ್ಲು ಆ ಫೈಲಿನ ಒಂದು ಕಾಪಿ ಬ್ಯಾರೆ ಕಡಿ ಇಡ್ರಿ, ಇದನ್ನ ಬಿಡಬ್ಯಾಡ್ರಿ. ಆಮ್ಯಾಲ ನೋಟ್‌ಪ್ಯಾಡ್‌ದಾಗ ತೆಗದು ಲಾಂಗ್ವೇಜ್ ಅನ್ನೋ ಸಾಲು ಹುಡುಕ್ರಿ, ಭಾಳ ಸಲ ಎರಡು ಕಡಿ ಇರ್ತದ, ಎರಡೂ ಕಡಿ ರಷ್ಯನ್ ತೆಗದು ಇಂಗ್ಲಿಷ್ ಅಂತ ಸಣ್ಣ ಅಕ್ಷರದಾಗ ಬರೀರಿ, ಸುತ್ತಿರೋ ಕೋಟ್ ಚಿಹ್ನೆ ಅಳಿಸಬ್ಯಾಡ್ರಿ. ಸೇವ್ ಮಾಡಿ ಸ್ಟೀಮ್ ಚಾಲೂ ಮಾಡ್ರಿ. ಆದ್ರೂ ರಷ್ಯನ್ನೇ ಬಂತಂದ್ರ ಆ ಕೀದಾಗ ಇಂಗ್ಲಿಷ್ ಕೊಟ್ಟಿಲ್ಲ ಅಂತ ತಿಳೀರಿ.

ಕೆಲವು ಗೇಮ್ ಭಾಷಾ ಬ್ಯಾರೆ ಕಡಿ ಬರದಿಟ್ಟಿರ್ತಾವ. ದಿ ಸಿಮ್ಸ್ 4 ವಿಂಡೋಸ್ ರಿಜಿಸ್ಟ್ರಿದಾಗ (ವಿಂಡೋಸ್ ತನ್ನ ಸೆಟ್ಟಿಂಗ್ ಬರದಿಡೋ ಜಾಗಾ) ಮ್ಯಾಕ್ಸಿಸ್ ಕೆಳಗ ಲೊಕೇಲ್ ಅಂತ ಇಡ್ತದ, ಅದನ್ನ ಇಎನ್ ಅಂಡರ್‌ಸ್ಕೋರ್ ಯುಎಸ್ ಮಾಡ್ಬೇಕು. ಅನ್ರಿಯಲ್ ಎಂಜಿನ್ ಅನ್ನೋ ಸಾಫ್ಟ್‌ವೇರ್‌ಲಿಂದ ಮಾಡಿದ ಗೇಮಿಗಿ, ಸ್ಟೀಮ್ ಪ್ರಾಪರ್ಟೀಸ್ ಒಳಗಿನ ಲಾಂಚ್ ಆಪ್ಷನ್‌ದಾಗ ಹೈಫನ್ ಹಾಕಿ ಕಲ್ಚರ್ ಈಕ್ವಲ್ ಇಎನ್ ಅಂತ ಕೊಟ್ಟು ನೋಡ್ರಿ, ಭಾಳಷ್ಟು ಗೇಮ್ ಇದನ್ನ ಕೇಳ್ತಾವ.

ವಿಪಿಎನ್ ಹಚ್ಚಿ ಬ್ಯಾರೆ ದೇಶದವ್ರಂಗ ತೋರ್ಸಿ ಕೊಂಡ್ರ ಆಗ್ತದಲ್ಲ ಅಂತ ಭಾಳ ಮಂದಿ ಕೇಳ್ತಾರ. ಬ್ಯಾಡ್ರಿ. ಸ್ಟೀಮ್ ಕರಾರಿನಾಗೇ ಅದು ಮಾಡಬಾರ್ದು ಅಂತ ಅದ, ವರ್ಷಗಟ್ಲೆ ರೊಕ್ಕ ಹಾಕಿ ಕೂಡಿಸಿದ ಅಕೌಂಟ್ ಒಂದು ಗೇಮಿನ ಸಲುವಾಗಿ ಯಾಕ ಕಳ್ಕೋಬೇಕು.

ಕನ್ಸೋಲ್ ಕಥಿ ಜರಾ ಸಸಾರ. ಪಿಎಸ್4, ಸ್ವಿಚ್ ಎರಡೂ ಹೊರದೇಶದ ಗೇಮ್ ಆಡಸ್ತಾವ, ಭಾಳಷ್ಟು ಗೇಮ್ ಮಷಿನ್ ಯಾವ ಭಾಷಾದಾಗ ಅದನೋ ಅದನ್ನೇ ಹಿಡೀತಾವ, ಅದಕ್ಕ ಮೊದ್ಲು ಮಷಿನ್ ಸೆಟ್ಟಿಂಗ್‌ದಾಗ ಭಾಷಾ ಇಂಗ್ಲಿಷ್ ಮಾಡ್ರಿ. ಆದ್ರೂ ಅರಬ್ಬಿನೇ ಬಂದ್ರ ಗೇಮಿನ ಒಳಗಿನ ಆಪ್ಷನ್ಸ್ ನೋಡ್ರಿ, ಮಾತಿನ ಭಾಷಾ, ಸಬ್‌ಟೈಟಲ್ ಭಾಷಾ ಬ್ಯಾರೆ ಬ್ಯಾರೆ ಇರ್ತಾವ. ದುಬೈ ಡಿಸ್ಕಿಗಿ ಡಿಎಲ್‌ಸಿ (ಗೇಮಿಗಿ ಆಮ್ಯಾಲ ಕೂಡಿಸ್ಕೊಳ್ಳೋ ಹೆಚ್ಚಿನ ಭಾಗ) ಬೇಕಂದ್ರ ಅದೇ ರೀಜನ್ ಸ್ಟೋರಿಂದು ತಗೋಬೇಕು, ನಮ್ಮ ಇಂಡಿಯಾ ಸ್ಟೋರಿಂದು ಅದಕ್ಕ ಹತ್ತದೇ ಇರಬಹುದು. ನಿಂಟೆಂಡೋ 3ಡಿಎಸ್‌ಗಿ ಮಾತ್ರ ರೀಜನ್ ಲಾಕ್ ಅದ, ಜಪಾನಿನ ಕಾರ್ಟ್ರಿಜ್ ಬ್ಯಾರೆ ಕಡಿ ಮಷಿನ್‌ದಾಗ ನಡಿಯಂಗಿಲ್ಲ. ಪೋಕೆಮಾನ್ ಸ್ವೋರ್ಡ್ ಶುರುವಿಗೇ ಭಾಷಾ ಕೇಳ್ತದ, ತಮ್ಮಂದಿರು ಅವಸರದಾಗ ಜಪಾನೀಸ್ ಒತ್ತಿಬಿಟ್ರ ಆ ಸೇವ್‌ದಾಗ ಭಾಷಾ ಬದಲಿ ಆಗಂಗಿಲ್ಲ, ಹೊಸದಾಗಿ ಶುರು ಮಾಡ್ಬೇಕು.

ಇನ್ನೂ ಕೊಂಡಿಲ್ಲಂದ್ರ ಸ್ಟೋರ್ ಪೇಜಿನ ಬಾಜೂಕ ಭಾಷಾದ ಪಟ್ಟಿ ಇರ್ತದ, ಮೆನು, ಮಾತು, ಸಬ್‌ಟೈಟಲ್ ಯಾವ ಭಾಷಾದಾಗ ಅದ ಅಂತ ಟಿಕ್ ಹಾಕಿರ್ತಾರ, ಓದಿ ಕೊಳ್ರಿ. ಸ್ಟೀಮಿಂದೇ ಕೊಂಡಿದ್ರ 14 ದಿನದೊಳಗ, 2 ತಾಸಿಗಿಂತ ಕಡಿಮಿ ಆಡಿದ್ರ ರೀಫಂಡ್ ಕೇಳಬಹುದು. ಹೊರಗ ಕೊಂಡ ಕೀಗಿ ಸ್ಟೀಮ್ ರೊಕ್ಕ ಕೊಡಂಗಿಲ್ಲ, ಮಾರಿದವ್ರನ್ನೇ ಕೇಳ್ಬೇಕು.