ತಲೆನೋವಿನ ಮಾತ್ರೆಯಲ್ಲಿ ಕೆಫೀನ್ ಎಷ್ಟಿದೆ? ಲೆಕ್ಕ ಹಾಕುವುದು ಹೀಗೆ

ಮೈಸೂರಿನ ಮೆಡಿಕಲ್ ಶಾಪಿನಲ್ಲಿ ‘ತಲೆನೋವಿಗೆ ಎರಡು ಮಾತ್ರೆ ಕೊಡಿ’ ಅಂದರೆ ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಒಳಗೇನಿದೆ ಎಂಬ ವಿವರ ಎಷ್ಟೋ ಸಲ ಅಂಗಡಿಯಲ್ಲೇ ಉಳಿದ ತುಂಡಿನಲ್ಲಿರುತ್ತದೆ. ಅರೆತಲೆನೋವು ಇರುವವರು ಆ ವಿವರ ನೋಡಲೇಬೇಕು. ಕೆಲವು ಮಾತ್ರೆಗಳಲ್ಲಿ ನೋವಿನ ಔಷಧಿಯ ಜೊತೆ ಕೆಫೀನ್ ಕೂಡ ಇರುತ್ತದೆ. ನಮ್ಮ ಫಿಲ್ಟರ್ ಕಾಫಿಯಲ್ಲಿರುವುದೂ ಅದೇ.

ಮೊದಲು ಪೂರ್ತಿ ಸ್ಟ್ರಿಪ್ ತೋರಿಸಲು ಕೇಳಿ. ಹಿಂಬದಿಯ ಫೋಟೊ ತೆಗೆದು, ದೊಡ್ಡದು ಮಾಡಿ ಓದಿ. ಕೆಫೀನ್ ಎಂದಿದ್ದರೆ ಅದರ ಮುಂದಿನ ಮಿಲಿಗ್ರಾಂ ಬರೆದುಕೊಳ್ಳಿ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಬೇಕಾದ ಔಷಧಿ. ಅರೆತಲೆನೋವಿಗೆ ಕೊಡುವ ವ್ಯಾಸೊಗ್ರೇನ್ ಅಂಥದ್ದು. ಅದರಲ್ಲಿ 100 ಮಿ.ಗ್ರಾಂ ಕೆಫೀನ್ ಜೊತೆ ರಕ್ತನಾಳ ಬಿಗಿಮಾಡುವ ಎರ್ಗೊಟಮಿನ್ ಇದೆ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಅದನ್ನು ಮುಟ್ಟಬಾರದು. ಪಕ್ಕದ ಮನೆಯವರಿಗೆ ಗುಣವಾಯಿತೆಂದು ಸುಮ್ನೆ ತಂದು ನುಂಗಬೇಡಿ.

ಈಗ ಹೋಲಿಸಿ. ಸಾರಿಡಾನ್ ಒಂದು ಮಾತ್ರೆಯಲ್ಲಿ 250 ಮಿ.ಗ್ರಾಂ ಪ್ಯಾರಸಿಟಮಾಲ್, 150 ಪ್ರೊಪಿಫೆನಜೋನ್ (ಇನ್ನೊಂದು ನೋವಿನ ಔಷಧಿ), 50 ಕೆಫೀನ್. ಕ್ರೋಸಿನ್ ಪೇನ್ ರಿಲೀಫ್‌ನಲ್ಲಿ 650 ಪ್ಯಾರಸಿಟಮಾಲ್, 50 ಕೆಫೀನ್. ಅದೇ ಹೆಸರಿನ ಕ್ರೋಸಿನ್ ಅಡ್ವಾನ್ಸ್‌ನಲ್ಲಿ ಕೆಫೀನ್ ಇಲ್ಲ, ಡೋಲೊ 650ರಲ್ಲೂ ಇಲ್ಲ. ಅಮೆರಿಕದಲ್ಲಿರುವ ಮಕ್ಕಳು ತಂದುಕೊಡುವ ಎಕ್ಸೆಡ್ರಿನ್ ಮೈಗ್ರೇನ್‌ನಲ್ಲಿ 250 ಪ್ಯಾರಸಿಟಮಾಲ್, 250 ಆಸ್ಪಿರಿನ್, 65 ಕೆಫೀನ್. ಅದರ ಒಂದು ಡೋಸ್ ಎಂದರೆ ಎರಡು ಮಾತ್ರೆ, ಅಂದರೆ 130 ಮಿ.ಗ್ರಾಂ ಕೆಫೀನ್. ಹಾಗಾಗಿ ಮಾತ್ರೆಗೆ ಮಾತ್ರೆ ಹೋಲಿಸಬೇಡಿ, ಡೋಸ್‌ಗೆ ಡೋಸ್ ಹೋಲಿಸಿ. ಜ್ವರವೂ ಇದ್ದು ಡೆಂಗಿ ಅನುಮಾನವಿದ್ದರೆ ಆಸ್ಪಿರಿನ್ ಬೇಡವೇ ಬೇಡ. ಮಕ್ಕಳಿಗಂತೂ ಕೊಡಲೇಬಾರದು.

ಕೆಫೀನ್ ಕೆಟ್ಟದ್ದೇ ಅನ್ನುವುದೂ ತಪ್ಪು. ನೋವಿನ ಔಷಧಿಯ ಜೊತೆ 100 ಮಿ.ಗ್ರಾಂ ಅಥವಾ ಹೆಚ್ಚು ಕೆಫೀನ್ ಸೇರಿದಾಗ, ನೂರರಲ್ಲಿ ಇನ್ನೂ ಐದರಿಂದ ಹತ್ತು ಮಂದಿಗೆ ಒಳ್ಳೆಯ ಆರಾಮ ಸಿಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಆದರೆ ಕಾಫಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ದಿನಕ್ಕೆ 300 ಮೀರಬಾರದು. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಚಿಕೋರಿ ಜಾಸ್ತಿ ಬೆರೆಸಿದ ಪುಡಿಯಾದರೆ ಲೆಕ್ಕ ಸ್ವಲ್ಪ ಇಳಿಯುತ್ತದೆ. ಬೆಳಿಗ್ಗೆಯಿಂದ ಎರಡು ಲೋಟ ಕಾಫಿ ಕುಡಿದು, ಮಧ್ಯಾಹ್ನ ಒಂದು, ಸಂಜೆ ಇನ್ನೊಂದು ಸಾರಿಡಾನ್ ತೆಗೆದುಕೊಂಡರೆ 300ರ ಹತ್ತಿರಕ್ಕೆ ಬಂದಿರಿ, ದಾಟಿರಲೂಬಹುದು. ಸಂಜೆಯ ಮಾತ್ರೆಯ ಕೆಫೀನ್ ಐದು ಗಂಟೆಯ ನಂತರವೂ ಅರ್ಧದಷ್ಟು ಮೈಯಲ್ಲಿರುತ್ತದೆ. ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಅರೆತಲೆನೋವು ಮತ್ತೆ ಬರಬಹುದು. ರಾತ್ರಿಯ ನೋವಿಗೆ ಕೆಫೀನ್ ಇಲ್ಲದ ಮಾತ್ರೆಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ದಿನದಲ್ಲಿ ನುಂಗಿದ ಎಲ್ಲ ಮಾತ್ರೆಗಳ ಪ್ಯಾರಸಿಟಮಾಲನ್ನೂ ಕೂಡಿಸಿ ಲೆಕ್ಕ ಹಾಕುವುದನ್ನು ಮರೆಯಬೇಡಿ. ನೆಗಡಿಯ ಮಾತ್ರೆಗಳಲ್ಲೂ ಹೆಚ್ಚಾಗಿ ಅದು ಇರುತ್ತದೆ, ಕೆಲವದರಲ್ಲಿ ಕೆಫೀನ್ ಕೂಡ.

ಕೊನೆಗೆ, ಮಾತ್ರೆ ನುಂಗಿದ ದಿನಗಳಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹೀಗೆ ಒಂದಕ್ಕಿಂತ ಹೆಚ್ಚು ಔಷಧಿ ಸೇರಿದ ಮಾತ್ರೆಗಳನ್ನು ತಿಂಗಳಿಗೆ ಹತ್ತು ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು. ಬರೀ ಪ್ಯಾರಸಿಟಮಾಲ್ ಆದರೆ ಆ ಮಿತಿ ಹದಿನೈದು ದಿನ. ಗುರುತು ಹತ್ತರ ಹತ್ತಿರ ಬಂದರೆ ಆ ಕ್ಯಾಲೆಂಡರ್ ಹಾಳೆ, ಸ್ಟ್ರಿಪ್ಪಿನ ಫೋಟೊ ಎರಡನ್ನೂ ವೈದ್ಯರಿಗೆ ತೋರಿಸಿ. ಹಿಂದೆಂದೂ ಬಾರದಂಥ ನೋವು ಒಮ್ಮೆಗೇ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ ಯಾವ ಲೆಕ್ಕವೂ ಬೇಡ, ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.